ಪೆಥಾಲಜಿ ಮ್ಯೂಸಿಯಂನ 386 ಜಾಡಿಗಳಿಗೆ ಕ್ಯೂಆರ್ ಕೋಡ್: ಹನ್ನೊಂದು ತಿಂಗಳ ಲೆಕ್ಕ

ಕಳೆದ ವಾರ ಕೊನೆಯ ಜಾಡಿಗೆ ಲೇಬಲ್ ಅಂಟಿಸಿ ಮುಗಿಯಿತು. ವಿಜಯಪುರದ ವೈದ್ಯಕೀಯ ಕಾಲೇಜೊಂದರ ಪೆಥಾಲಜಿ (ರೋಗಶಾಸ್ತ್ರ) ಮ್ಯೂಸಿಯಂ, ರೋಗ ತಗುಲಿದ ಅಂಗಗಳನ್ನು ದ್ರಾವಣದಲ್ಲಿ ಕಾಪಿಟ್ಟ ಒಟ್ಟು 386 ಜಾಡಿ. ಮೂರು ವಾರದ ಕೆಲಸ ಎಂದು ಕೈ ಹಾಕಿದ್ದು ಹನ್ನೊಂದು ತಿಂಗಳು ಹಿಡಿಯಿತು. ಬೆಳಗಾವಿ, ಬಾಗಲಕೋಟೆಯ ಗೆಳೆಯರು ‘ನಮ್ಮಲ್ಲೂ ಮಾಡಬೇಕು, ಹೇಗೆ ಮಾಡಿದಿರಿ’ ಎಂದು ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಎಲ್ಲಿ ಎಡವಿದೆವು, ಎಷ್ಟು ದುಡ್ಡು ಹೋಯಿತು, ಯಾವ ಕಾಗದಕ್ಕೆ ಎಷ್ಟು ದಿನ ಕಾದೆವು ಎಂಬುದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮ್ಯೂಸಿಯಂ ನೋಡಿದವರಿಗೆ ತೊಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಜಾಡಿಯ ಮೇಲೆ ಒಂದು ನಂಬರ್, ಆ ನಂಬರಿನ ವಿವರ ಒಂದೇ ಒಂದು ಕ್ಯಾಟಲಾಗ್ ಪುಸ್ತಕದಲ್ಲಿ, ಪುಸ್ತಕ ಅಲಮಾರಿಯೊಳಗೆ, ಕೀಲಿ ಅಟೆಂಡರ್ ಹತ್ತಿರ. ನೂರೈವತ್ತು ವಿದ್ಯಾರ್ಥಿಗಳ ಬ್ಯಾಚಿಗೆ ಒಂದು ಪುಸ್ತಕ. ಪರೀಕ್ಷೆ ಹತ್ತಿರ ಬಂದಾಗ ಹತ್ತು ಜನ ಅದರ ಮೇಲೆ ಬಾಗಿರುತ್ತಾರೆ, ಉಳಿದವರು ಜಾಡಿಯನ್ನು ಸುಮ್ಮನೆ ನೋಡಿ ಮುಂದೆ ಸರಿಯುತ್ತಾರೆ. ಪ್ರತಿ ಜಾಡಿಗೂ ಒಂದು ಕೋಡ್ ಇದ್ದರೆ ಅವರವರ ಮೊಬೈಲಿನಲ್ಲೇ ವಿವರ ತೆರೆದುಕೊಳ್ಳುತ್ತದೆ ಎಂಬ ಯೋಚನೆ ಹುಟ್ಟಿದ್ದು ಹೀಗೆ.

ಮೊದಲ ತೀರ್ಮಾನವೇ ತಪ್ಪಾಯಿತು. ನೆಟ್‌ವರ್ಕ್ ಗೊಡವೆಯೇ ಬೇಡ, ವಿವರವನ್ನು ಕೋಡಿನೊಳಗೇ ತುಂಬಿಬಿಡೋಣ ಎಂದುಕೊಂಡೆವು. ಕ್ಯೂಆರ್ ಕೋಡಿನಲ್ಲಿ 40 ಅಳತೆಗಳಿವೆ. ಅತಿ ಚಿಕ್ಕದು 21ಕ್ಕೆ 21 ಚೌಕ, ಅತಿ ದೊಡ್ಡದು 177ಕ್ಕೆ 177. ತುಂಬುವ ಮಾಹಿತಿ ಹೆಚ್ಚಿದಂತೆ ಚೌಕಗಳೂ ಹೆಚ್ಚುತ್ತವೆ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರವಾದರೆ ಇನ್ನೂ ಹೆಚ್ಚು. ಮುನ್ನೂರು ಚಿಹ್ನೆಯ ಸಣ್ಣ ವಿವರಣೆಗೇ 900 ಬೈಟ್ ಆಯಿತು, ಕೋಡ್ 113 ಚೌಕಕ್ಕೆ ಏರಿತು. ಮೂರು ಸೆಂಟಿಮೀಟರ್ ಲೇಬಲ್ಲಿನಲ್ಲಿ ಒಂದೊಂದು ಚೌಕ ಕಾಲು ಮಿಲಿಮೀಟರ್‌ಗಿಂತ ತುಸು ಮೇಲಷ್ಟೆ. ಹಳೆಯ ಫೋನುಗಳಿಗೆ ಅದು ಬರೀ ಬೂದು ಬಣ್ಣದ ಮಚ್ಚೆಯಾಗಿ ಕಂಡಿತು. ಅದೂ ಅಲ್ಲದೆ ಒಂದು ಕಾಗುಣಿತ ತಪ್ಪಿದ್ದರೂ ಲೇಬಲ್ ಕಿತ್ತು ಹೊಸದು ಹಚ್ಚಬೇಕು. ಆದ್ದರಿಂದ ಕೋಡಿನಲ್ಲಿ ಬರೀ ಕೊಂಡಿ ಇರಲಿ, ವಿವರ ಬೇರೆಡೆ ಇರಲಿ.

ಎರಡನೇ ಪೆಟ್ಟು ಇದಕ್ಕಿಂತ ದೊಡ್ಡದು, ಈ ಬರಹ ಓದುವವರು ಇದೊಂದನ್ನಾದರೂ ನೆನಪಿಡಿ. ಉಚಿತವಾಗಿ ಕೋಡ್ ಮಾಡಿಕೊಡುವ ಜಾಲತಾಣವೊಂದರಲ್ಲಿ ಅರವತ್ತು ಕೋಡ್ ಮಾಡಿ, ಅಂಗಡಿಯಲ್ಲಿ ಸ್ಟಿಕ್ಕರ್ ಮುದ್ರಿಸಿ, ಅಂಟಿಸಿಯೂ ಆಯಿತು. ಎರಡು ವಾರ ಚೆನ್ನಾಗಿ ನಡೆಯಿತು. ಹದಿನೈದನೇ ದಿನ ಬೆಳಗ್ಗೆ ಒಬ್ಬ ವಿದ್ಯಾರ್ಥಿನಿ ಬಂದು, ‘ಯಾವ ಜಾಡಿ ಸ್ಕ್ಯಾನ್ ಮಾಡಿದರೂ ಹಣ ಕಟ್ಟಿ ಅಂತ ಬರ್ತದ’ ಎಂದಳು. ಅರವತ್ತೂ ಸತ್ತಿದ್ದವು. ಆ ಕೋಡುಗಳಲ್ಲಿ ಇದ್ದದ್ದು ನಮ್ಮ ಪುಟದ ವಿಳಾಸವಲ್ಲ, ಆ ತಾಣದ ವಿಳಾಸ. ನಡುವೆ ಅವರು ಕೂತು ದಾರಿ ತೋರಿಸುತ್ತಿದ್ದರು, ಪ್ರಯೋಗದ ಅವಧಿ ಮುಗಿದ ಕೂಡಲೇ ದಾರಿ ಮುಚ್ಚಿದರು. ಅರವತ್ತು ಸ್ಟಿಕ್ಕರ್ ಉಗುರಿನಿಂದ ಕಿತ್ತು, ಗಾಜಿನ ಮೇಲಿನ ಅಂಟು ಸ್ಪಿರಿಟ್ ಹಾಕಿ ಉಜ್ಜಿ ತೆಗೆಯುವಷ್ಟರಲ್ಲಿ ಎರಡು ದಿನ ಹೋದವು, 1,150 ರೂಪಾಯಿ ನೀರಿಗೆ ಹೋಯಿತು. ಅಟೆಂಡರ್‌ಗೆ ಮುಖ ತೋರಿಸಲು ಸಂಕೋಚವಾಗುತ್ತಿತ್ತು. ಅಂಟಿಸಿದ್ದೂ ಅವರೇ, ಕಿತ್ತಿದ್ದೂ ಅವರೇ.

ಯಾರದೇ ಕೋಡ್ ಆಗಲಿ, ಮುದ್ರಿಸುವ ಮುಂಚೆ ಫೋನಿನಲ್ಲಿ ಸ್ಕ್ಯಾನ್ ಮಾಡಿ, ತೆರೆಯುವ ಮೊದಲು ತೋರಿಸುವ ವಿಳಾಸವನ್ನು ಓದಿ. ಅದರಲ್ಲಿ ನಿಮ್ಮ ಸಂಸ್ಥೆಯ ಹೆಸರು ಇಲ್ಲದಿದ್ದರೆ ಮುದ್ರಿಸಬೇಡಿ. ಕ್ಯೂಆರ್ ಕೋಡಿಗೆ ತಾನಾಗಿ ಅವಧಿ ಎಂಬುದಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿದಾಗಿನಿಂದಲೂ ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ. ಸಾಯುವುದು ಕೋಡ್ ಅಲ್ಲ, ಅದರ ಹಿಂದಿನ ವಿಳಾಸ.

ಹಾಗಾದರೆ ಕಾಲೇಜಿನ ಸ್ವಂತ ವಿಳಾಸದಲ್ಲೇ ಒಂದು ಮೂಲೆ ಬೇಕು. ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಸಹಿ, ಪ್ರಿನ್ಸಿಪಾಲರ ಸಹಿ, ಐಟಿ ವಿಭಾಗಕ್ಕೆ ಪತ್ರ. ಐದು ವಾರ ಕಾದೆವು. ಮೊದಲ ಪತ್ರದಲ್ಲಿ ‘ಮ್ಯೂಸಿಯಂಗೆ ವೆಬ್‌ಸೈಟ್ ಬೇಕು’ ಎಂದು ಬರೆದಿದ್ದೇ ವಿಳಂಬಕ್ಕೆ ಕಾರಣ. ದೊಡ್ಡ ಕೆಲಸ ಎಂದು ಅದು ಪಕ್ಕಕ್ಕೆ ಹೋಗಿತ್ತು. ಎರಡನೇ ಪತ್ರದಲ್ಲಿ ನೇರವಾಗಿ ಬರೆದೆವು: ಒಂದು ಉಪವಿಳಾಸ, 2 ಜಿಬಿ ಜಾಗ, ನಂಬರಿಗೆ ತಕ್ಕ ಪುಟ ತೆರೆಯುವ ಒಂದು ಪಟ್ಟಿ, ಆ ಪಟ್ಟಿ ತಿದ್ದಲು ಇಬ್ಬರಿಗೆ ಅನುಮತಿ. ನಾಲ್ಕೇ ದಿನದಲ್ಲಿ ಆಯಿತು.

ಆ ಪಟ್ಟಿಯೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಜಾಡಿಯ ಕೋಡಿನಲ್ಲಿ ಇರುವುದು ಆ ಉಪವಿಳಾಸ ಮತ್ತು ಜಾಡಿಯ ನಂಬರ್ ಮಾತ್ರ. ಆ ನಂಬರ್ ಯಾವ ಪುಟಕ್ಕೆ ಹೋಗಬೇಕು ಎಂಬುದು ಪಟ್ಟಿಯಲ್ಲಿದೆ. ಪುಟ ಬದಲಾದರೂ ವಿಡಿಯೊ ಸೇರಿದರೂ ಲೇಬಲ್ ಮುಟ್ಟಬೇಕಿಲ್ಲ. ಒಂದು ಕಟ್ಟುನಿಟ್ಟು ಇದೆ. ಒಮ್ಮೆ ಕೊಟ್ಟ ನಂಬರ್ ಇನ್ನೊಂದು ಸ್ಪೆಸಿಮನ್‌ಗೆ (ಜಾಡಿಯೊಳಗಿನ ಅಂಗದ ಮಾದರಿಗೆ) ಯಾವತ್ತೂ ಕೊಡಬಾರದು. ಜಾಡಿ ಒಡೆದು ಸ್ಪೆಸಿಮನ್ ಹೋದರೂ ಆ ನಂಬರ್ ಖಾಲಿಯೇ ಇರಲಿ. ಹಿಂದಿನ ವರ್ಷದ ವಿದ್ಯಾರ್ಥಿಯ ನೋಟ್ಸಿನಲ್ಲಿ ಆ ನಂಬರ್ ಇರುತ್ತದೆ.

ಇಷ್ಟರಲ್ಲಿ ಯಾರೂ ಎಣಿಸದಿದ್ದ ಅಡಚಣೆ ಬಂತು. ಹಳೇ ಕ್ಯಾಟಲಾಗನ್ನು ಟೈಪ್ ಮಾಡಲು ತೆಗೆದಾಗ ಹಲವು ಪುಟಗಳಲ್ಲಿ ರೋಗಿಯ ಹೆಸರು, ಊರು, ಐಪಿ (ಒಳರೋಗಿ) ನಂಬರ್, ಕೆಲವೆಡೆ ಮರಣೋತ್ತರ ಪರೀಕ್ಷೆಯ ನಂಬರೂ ಇದ್ದವು. ಅಲಮಾರಿಯೊಳಗಿನ ಪುಸ್ತಕದಲ್ಲಿ ಇದ್ದದ್ದು ಒಂದು ಮಾತು, ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದಾದ ಪುಟದಲ್ಲಿ ಬರುವುದು ಬೇರೆಯೇ ಮಾತು. ಕೆಲಸ ಅಲ್ಲಿಗೇ ನಿಲ್ಲಿಸಿ ಎಥಿಕ್ಸ್ ಕಮಿಟಿಗೆ ಬರೆದೆವು. ಕಮಿಟಿ ಸೇರುವುದು ಎರಡು ತಿಂಗಳಿಗೊಮ್ಮೆ. ನಮ್ಮ ಪತ್ರ ಸಭೆಯ ಮರುದಿನ ತಲುಪಿತ್ತು, ಹಾಗಾಗಿ ಪೂರ್ತಿ ಎರಡು ತಿಂಗಳು ಹೋದವು. ಕೊನೆಗೆ ಬಂದ ಒಪ್ಪಿಗೆ ಹೀಗಿತ್ತು: ವಯಸ್ಸು ಹತ್ತು ವರ್ಷದ ಅಂತರದಲ್ಲಿ, ಲಿಂಗ, ರೋಗದ ಸಾರಾಂಶ ಇರಬಹುದು; ಹೆಸರು, ಊರು, ದಿನಾಂಕ, ಆಸ್ಪತ್ರೆಯ ಯಾವ ನಂಬರೂ ಇರಬಾರದು. ನೀವು ಶುರು ಮಾಡುವವರಾದರೆ ಮೊದಲ ದಿನವೇ ಈ ಪತ್ರ ಕೊಟ್ಟುಬಿಡಿ, ಉಳಿದದ್ದು ಜೊತೆಜೊತೆಗೆ ನಡೆಯುತ್ತದೆ. ಫೋಟೊ ತೆಗೆಯುವಾಗಲೂ ಜಾಡಿಯ ಹಿಂಬದಿಯ ಹಳೇ ಚೀಟಿ ಗಾಜಿನ ಮೂಲಕ ಕಾಣುತ್ತದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಏಳು ಫೋಟೊ ಹಾಗೆ ಸಿಕ್ಕವು.

ಈಗ ಮುದ್ರಣ. ಹೆಚ್ಚು ಸಮಯ ತಿಂದದ್ದು, ಹೆಚ್ಚು ಕಲಿಸಿದ್ದು ಇದೇ.

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಬಾರ್‌ಕೋಡ್ ಹೊಡೆಯುವ ಸಣ್ಣ ಪ್ರಿಂಟರ್ ಇರುತ್ತದಲ್ಲ, ಅದರಲ್ಲೇ ಇಪ್ಪತ್ತು ಲೇಬಲ್ ತೆಗೆದು ನೋಡಿದೆವು. ಅಚ್ಚು ಚೆನ್ನಾಗಿಯೇ ಬಂತು. ವಾರದ ಶುಚಿ ಮಾಡುವ ದಿನ ಅಟೆಂಡರ್ ಸ್ಪಿರಿಟ್ ಬಟ್ಟೆಯಿಂದ ಒರೆಸಿದರು ನೋಡಿ, ಬಿಳಿ ಜಾಗವೆಲ್ಲ ಕಪ್ಪಿಟ್ಟಿತು. ಅದು ಶಾಖ ತಾಗಿದರೆ ಕಪ್ಪಾಗುವ ಕಾಗದ, ಶಾಯಿಯೇ ಇಲ್ಲ. ಆಲ್ಕೋಹಾಲ್ ತಾಗಿದರೂ ಕಪ್ಪಾಗುತ್ತದೆ, ವಿಜಯಪುರದ ಏಪ್ರಿಲ್–ಮೇ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟರೆ ಅಚ್ಚು ಮಾಸುತ್ತದೆ. ಎರಡು ದಿನ ಇರುವ ಟ್ಯೂಬಿಗೆ ಸಾಕು, ಇಪ್ಪತ್ತು ವರ್ಷ ಇರುವ ಜಾಡಿಗಲ್ಲ. ಗುರುತಿಸುವುದು ಸುಲಭ: ಲೇಬಲ್ಲನ್ನು ಉಗುರಿನಿಂದ ಜೋರಾಗಿ ಗೀರಿ, ಕಪ್ಪು ಗೆರೆ ಮೂಡಿದರೆ ಅದೇ ಕಾಗದ. ಇಂಕ್‌ಜೆಟ್ ಅಚ್ಚು ಒದ್ದೆ ಕೈ ತಾಗಿದ ಕೂಡಲೇ ಹರಡಿತು. ಲೇಸರ್ ಅಚ್ಚಿನ ಮೇಲೆ ಸೆಲೊಟೇಪ್ ಹಚ್ಚಿದರೆ ಟ್ಯೂಬ್‌ಲೈಟ್ ಹೊಳಪು ಕ್ಯಾಮೆರಾ ಕಣ್ಣಿಗೆ ಹೊಡೆಯುತ್ತದೆ, ಆರು ತಿಂಗಳಲ್ಲಿ ಟೇಪ್ ಹಳದಿಯಾಗುತ್ತದೆ. ಪಾರದರ್ಶಕ ಸ್ಟಿಕ್ಕರಂತೂ ಬೇಡವೇ ಬೇಡ. ಹಿಂದಿನ ದ್ರಾವಣ ಕಂದು ಬಣ್ಣದ್ದಿದ್ದರೆ ಕಪ್ಪು–ಬಿಳುಪಿನ ಅಂತರವೇ ಉಳಿಯುವುದಿಲ್ಲ.

ನಿಂತದ್ದು ಒಂದೇ: ಹೊಳಪಿಲ್ಲದ ಬಿಳಿ ಪಾಲಿಯೆಸ್ಟರ್ ಲೇಬಲ್, ಅದರ ಮೇಲೆ ರೆಸಿನ್ ರಿಬ್ಬನ್ನಿನ ಥರ್ಮಲ್ ಟ್ರಾನ್ಸ್‌ಫರ್ ಅಚ್ಚು, ಅಂದರೆ ರಿಬ್ಬನ್ನಿನ ಮಸಿ ಶಾಖದಿಂದ ಲೇಬಲ್ಲಿಗೆ ಇಳಿಯುವಂಥದ್ದು. ಅಂಗಡಿಯಲ್ಲಿ ಕೇಳುವಾಗ ‘ರೆಸಿನ್’ ಎಂಬ ಮಾತು ಬಿಡಬೇಡಿ. ವ್ಯಾಕ್ಸ್ ರಿಬ್ಬನ್ ಅಗ್ಗ, ಆದರೆ ಸ್ಪಿರಿಟ್ಟಿಗೆ ಬಿಟ್ಟುಕೊಡುತ್ತದೆ. 30ಕ್ಕೆ 40 ಮಿಲಿಮೀಟರಿನ ಸಾವಿರ ಲೇಬಲ್ಲಿನ ಸುರುಳಿಗೆ 1,600 ರೂಪಾಯಿ, ರಿಬ್ಬನ್ನಿಗೆ 850. ಮೂರು ಕೊಟೇಶನ್ ತರಲು ಹನ್ನೆರಡು ದಿನ ಹೋಯಿತು. ಪ್ರಿಂಟರನ್ನು ಸ್ಟೋರ್ಸ್ ವಿಭಾಗದವರು ಎರಡು ದಿನಕ್ಕೆ ಕೊಟ್ಟರು.

ಅಳತೆಯ ಲೆಕ್ಕವನ್ನು ಒಮ್ಮೆ ಕುಳಿತು ಮಾಡಿ. ನಮ್ಮ ವಿಳಾಸ ನಂಬರ್ ಸೇರಿ 34 ಅಕ್ಷರ. ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದರೆ ಕೋಡ್ ಅದನ್ನು ಒತ್ತಿ ಹಿಡಿಯುತ್ತದೆ, 29ಕ್ಕೆ 29 ಚೌಕ ಸಾಕು. ಸಣ್ಣಕ್ಷರದಲ್ಲಿ ಬರೆದರೆ 33ಕ್ಕೆ ಏರುತ್ತದೆ. ದೊಡ್ಡಕ್ಷರದ ವಿಳಾಸವನ್ನೂ ಸರ್ವರ್ ಒಪ್ಪುವಂತೆ ಐಟಿಯವರಿಗೆ ಹೇಳಿರಬೇಕು, ಇಲ್ಲದಿದ್ದರೆ ಪುಟ ಸಿಗುವುದಿಲ್ಲ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಕಡ್ಡಾಯ, ಅಂದರೆ ಒಟ್ಟು 37. ಪ್ರಿಂಟರ್ ಮಿಲಿಮೀಟರಿಗೆ 8 ಚುಕ್ಕೆ ಹೊಡೆಯುತ್ತದೆ. ಒಂದು ಚೌಕಕ್ಕೆ 6 ಚುಕ್ಕೆ ಕೊಟ್ಟರೆ 0.75 ಮಿಲಿಮೀಟರ್, ಇಡೀ ಕೋಡ್ 27.75 ಮಿಲಿಮೀಟರ್, 30ರ ಲೇಬಲ್ಲಿಗೆ ಸರಿಯಾಗಿ ಕೂರುತ್ತದೆ. ಮೌಸ್ ಹಿಡಿದು ಎಳೆದು 30ಕ್ಕೇ ಹಿಗ್ಗಿಸಿದರೆ ಒಂದು ಚೌಕಕ್ಕೆ ಆರು ಚುಕ್ಕೆ, ಪಕ್ಕದ್ದಕ್ಕೆ ಏಳು ಬಿದ್ದು ಅಂಚು ಕೆಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೂ ಅಂಚು ಮಸುಕಾಗುತ್ತದೆ, ಫೈಲ್ ಆಗಿ ಕಳಿಸಿ. ಕೋಡಿನ ಅಗಲದ ಹತ್ತು ಪಟ್ಟು ದೂರದಿಂದ ಓದಬಹುದು ಎಂಬುದು ರೂಢಿಯ ಲೆಕ್ಕ. ಮೂರು ಸೆಂಟಿಮೀಟರಿನ ಕೋಡನ್ನು ಒಂದಡಿ ದೂರದಿಂದ ಓದಬಹುದು, ಮ್ಯೂಸಿಯಂಗೆ ಅದು ಸಾಕು.

ಕೋಡಿನ ಒಂದಷ್ಟು ಭಾಗ ಹಾಳಾದರೂ ಓದಲು ಬರುವಂತೆ ನಾಲ್ಕು ಮಟ್ಟಗಳಿವೆ: ಎಲ್, ಎಂ, ಕ್ಯೂ, ಎಚ್. ಸುಮಾರು 7, 15, 25, 30 ಪ್ರತಿಶತ ನಷ್ಟ ತಡೆಯುತ್ತವೆ. ನಾವು ಕ್ಯೂ ಆರಿಸಿಕೊಂಡೆವು. ನಡುವೆ ಕಾಲೇಜಿನ ಲಾಂಛನ ಇರಲಿ ಎಂದು ಸಲಹೆ ಬಂತು. ಹಾಗೆ ಇಟ್ಟರೆ ತಡೆಯುವ ಶಕ್ತಿಯ ದೊಡ್ಡ ಪಾಲನ್ನು ನಾವೇ ಮೊದಲ ದಿನ ಖರ್ಚು ಮಾಡಿದಂತೆ, ಮುಂದೆ ಅಂಗ ಕೆಡದಂತೆ ಇಡುವ ಫಾರ್ಮಾಲಿನ್ ಹನಿ ಬಿದ್ದು ಮಾಸಿದಾಗ ಏನೂ ಉಳಿದಿರುವುದಿಲ್ಲ. ಲಾಂಛನವನ್ನು ಕೋಡಿನ ಕೆಳಗೆ, ನಂಬರಿನ ಪಕ್ಕ ಇಟ್ಟೆವು. ಮೂರು ಮೂಲೆಯ ದೊಡ್ಡ ಚೌಕಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಒಂದು ಕಿತ್ತರೂ ಫೋನ್ ಕೋಡನ್ನು ಗುರುತಿಸಲು ಒದ್ದಾಡುತ್ತದೆ. ಲೇಬಲ್ ಮೊದಲು ಏಳುವುದು ಮೂಲೆಯಲ್ಲೇ ಆದ್ದರಿಂದ ಅಂಟಿಸುವುದರಲ್ಲಿ ಜಾಗ್ರತೆ ಬೇಕು.

ಜಾಡಿಯ ಹೊರಮೈಗೆ ಕಣ್ಣಿಗೆ ಕಾಣದ ಗ್ಲಿಸರಿನ್ ಜಿಡ್ಡು ಇರುತ್ತದೆ, ದ್ರಾವಣ ತುಂಬುವಾಗ ಸುರಿದದ್ದು. ನೇರವಾಗಿ ಸ್ಪಿರಿಟ್ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಮೊದಲು ಸೋಪಿನ ನೀರು, ಆಮೇಲೆ ಒಣಬಟ್ಟೆ, ಆಮೇಲೆ ಸ್ಪಿರಿಟ್, ಎರಡು ನಿಮಿಷ ಬಿಟ್ಟು ಲೇಬಲ್, ಮೂಲೆಗಳನ್ನು ಹೆಬ್ಬೆರಳಿನಿಂದ ಅರ್ಧ ನಿಮಿಷ ಒತ್ತುವುದು. ಇಷ್ಟು ಮಾಡಿದ ಒಂದೂ ಲೇಬಲ್ ಇದುವರೆಗೆ ಎದ್ದಿಲ್ಲ. ಮುಚ್ಚಳದ ಮೇಲೆ ಅಂಟಿಸಬೇಡಿ. ದ್ರಾವಣ ಬದಲಿಸುವ ದಿನ ನಾಲ್ಕು ಮುಚ್ಚಳ ಒಟ್ಟಿಗೆ ತೆಗೆದಿಟ್ಟಾಗ ಯಾವುದು ಯಾವುದರದ್ದು ಎಂದು ಗೊಂದಲವಾಗುತ್ತದೆ. ದುಂಡು ಜಾಡಿ ಹತ್ತು ಸೆಂಟಿಮೀಟರ್ ಅಡ್ಡಗಲ ಇದ್ದರೆ ಮೂರು ಸೆಂಟಿಮೀಟರಿನ ಕೋಡ್ ಬಾಗಿದರೂ ಓದಲು ಬರುತ್ತದೆ. ಐದು ಸೆಂಟಿಮೀಟರಿನ ಜಾಡಿಯಾದರೆ ಕೋಡಿನ ಅಂಚುಗಳು ಹಿಂದಕ್ಕೆ ತಿರುಗಿಬಿಡುತ್ತವೆ. ಅಂಥ 41 ಜಾಡಿಗಳಿಗೆ ಚೌಕಕ್ಕೆ 4 ಚುಕ್ಕೆಯ, ಸುಮಾರು 18.5 ಮಿಲಿಮೀಟರಿನ ಚಿಕ್ಕ ಕೋಡ್ ಹಚ್ಚಿದೆವು. ಕೆಳಗಿನ ಹಲಗೆಯ ಜಾಡಿಗಳಿಗೆ ಮೇಲ್ಭಾಗದಲ್ಲಿ ಅಂಟಿಸಿ, ಇಲ್ಲದಿದ್ದರೆ ನೆಲಕ್ಕೆ ಕೂತು ಸ್ಕ್ಯಾನ್ ಮಾಡಬೇಕು.

ಪುಟದಲ್ಲಿ ಏನಿರಬೇಕು ಎಂಬುದು ಮುಂದಿನ ಪ್ರಶ್ನೆ. ಮೊದಲ ಇಪ್ಪತ್ತು ಪುಟಗಳಲ್ಲಿ ಮೇಲೆಯೇ ರೋಗದ ಹೆಸರಿತ್ತು. ವಿದ್ಯಾರ್ಥಿಗಳು ಜಾಡಿಯನ್ನು ನೋಡುವುದನ್ನೇ ಬಿಟ್ಟರು! ಕೋಡ್ ಹುಡುಕಿ, ಹೆಸರು ಬರೆದುಕೊಂಡು, ಮುಂದಿನ ಜಾಡಿಗೆ ನಡೆದರು. ಇದು ನಿಜಕ್ಕೂ ನೋವು ಕೊಟ್ಟಿತು. ಮ್ಯೂಸಿಯಂ ಇರುವುದೇ ಕಣ್ಣು ತರಬೇತಿಗೆ. ಈಗ ಮೊದಲ ಪರದೆಯಲ್ಲಿ ಮೂರು ಪ್ರಶ್ನೆಗಳಷ್ಟೇ ಇವೆ: ಯಾವ ಅಂಗ, ಏನು ಬದಲಾಗಿದೆ, ಕತ್ತರಿಸಿದ ಮೈಯಲ್ಲಿ ಏನು ಕಾಣುತ್ತದೆ. ಅದಕ್ಕೆ ಏನಾದರೂ ಬರೆದ ಮೇಲಷ್ಟೇ ಉತ್ತರ, ಸ್ಲೈಡಿನ ಚಿತ್ರ, ತೊಂಬತ್ತು ಸೆಕೆಂಡಿನ ಧ್ವನಿ ತೆರೆಯುತ್ತವೆ.

ಧ್ವನಿಯನ್ನು ಕನ್ನಡದಲ್ಲೂ ಇಟ್ಟೆವು. ಪಿಯುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿದ್ದಾರೆ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನವರೂ ಇದೇ ಮ್ಯೂಸಿಯಂಗೆ ಬರುತ್ತಾರೆ. ಪೆಥಾಲಜಿಯ ಹೋಲಿಕೆಗಳೆಲ್ಲ ಊಟದ ತಟ್ಟೆಯಿಂದ ಬಂದವು, ಆದರೆ ಬೇರೆಯವರ ತಟ್ಟೆ. ನಟ್‌ಮೆಗ್ ಲಿವರ್ ಎಂದು ಬಾಯಿಪಾಠ ಮಾಡಿದ ಅರ್ಧ ಬ್ಯಾಚ್ ಜಾಯಿಕಾಯಿಯ ಒಳಗನ್ನು ನೋಡಿಯೇ ಇರಲಿಲ್ಲ. ಪೇಟೆಯಿಂದ ನಾಲ್ಕು ಜಾಯಿಕಾಯಿ ತಂದು, ಗರಗಸದಲ್ಲಿ ಅಡ್ಡ ಕೊಯ್ದು, ಜಾಡಿಯ ಪಕ್ಕ ಇಟ್ಟು ಫೋಟೊ ತೆಗೆದೆವು. ತಿಳಿಕಂದು ಮೈಯೊಳಗೆ ಗಾಢ ಕಂದು ಗೆರೆಗಳು ಹರಿದಾಡಿರುತ್ತವೆ. ಹೃದಯದ ಬಲಭಾಗ ಸೋತು ರಕ್ತ ಹಿಂದಕ್ಕೆ ನಿಂತಾಗ ಯಕೃತ್ತಿನ ಪ್ರತಿ ಕಿರುಹಾಲೆಯ ನಡುವಿನ ರಕ್ತನಾಳದ ಸುತ್ತ ಕೆಂಪುಗಪ್ಪು ಚುಕ್ಕೆಯಾಗುತ್ತದೆ, ಅದರಾಚೆಗಿನ ಭಾಗ ಮಾಸಲು ಹಳದಿಯಾಗಿ ಉಳಿಯುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಕಂಡ ಮೇಲೆ ಯಾರೂ ಆ ಹೆಸರು ಮರೆತಿಲ್ಲ. ಬ್ರೆಡ್ ಆ್ಯಂಡ್ ಬಟರ್ ಎನ್ನುವ ಹೃದಯಾವರಣದ ಉರಿಯೂತಕ್ಕೆ, ಎರಡು ಜೋಳದ ರೊಟ್ಟಿಯ ನಡುವೆ ಬೆಣ್ಣೆ ಹಚ್ಚಿ ಒತ್ತಿ ಎಳೆದು ಬಿಡಿಸಿದರೆ ಮೈಮೇಲೆ ಏಳುವ ಒರಟು ಎಳೆಗಳನ್ನು ನೆನೆಯಿರಿ ಎಂದು ಧ್ವನಿಯಲ್ಲಿ ಹೇಳಿದ್ದೇವೆ.

ಮ್ಯೂಸಿಯಂನಲ್ಲಿ ದಪ್ಪ ಗೋಡೆ, ಸಾಲುಸಾಲು ಕಬ್ಬಿಣದ ರ‍್ಯಾಕು, ಫೋನಿಗೆ ಒಂದೇ ಗೆರೆ ಸಿಗ್ನಲ್. ಅದಕ್ಕೇ ಪ್ರತಿ ಪುಟದ ಮೊದಲ ಪರದೆ 200 ಕೆಬಿ ಮೀರದಂತೆ ನೋಡಿಕೊಂಡೆವು, ದೊಡ್ಡ ಚಿತ್ರ ಒತ್ತಿದರಷ್ಟೇ ಇಳಿಯುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪಟ್ಟಿಯಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಕೋಡೂ ‘ಪರೀಕ್ಷೆ ನಡೆಯುತ್ತಿದೆ’ ಎಂದು ತೋರಿಸುತ್ತವೆ. ಆದರೂ ಹೊರಗಿನ ಪರೀಕ್ಷಕರ ಮನಸ್ಸಿಗೆ ನೆಮ್ಮದಿಯಿರಲಿ ಎಂದು ಸ್ಪಾಟರ್ಸ್‌ಗೆ (ನೋಡಿ ಗುರುತಿಸುವ ಪ್ರಶ್ನೆಗೆ) ಇಟ್ಟ ಜಾಡಿಗಳ ಕೋಡಿಗೆ ಕಪ್ಪು ಕಾಗದ ಸುತ್ತುತ್ತೇವೆ. ಕಾಗದವನ್ನು ಲೇಬಲ್ಲಿಗೆ ಅಂಟಿಸಬೇಡಿ, ಜಾಡಿಯ ಸುತ್ತ ರಬ್ಬರ್ ಬ್ಯಾಂಡ್ ಹಾಕಿ.

ಇದನ್ನು ಕಂಡ ಆಸ್ಪತ್ರೆಯವರು ಹೊರರೋಗಿ ವಿಭಾಗಕ್ಕೂ ಬೇಕೆಂದರು: ಇನ್‌ಹೇಲರ್ ಎಳೆಯುವ ಕ್ರಮ, ಇನ್ಸುಲಿನ್ ಚುಚ್ಚುವ ಕ್ರಮ, ಕನ್ನಡದಲ್ಲಿ ಎರಡು ನಿಮಿಷದ ವಿಡಿಯೊ. ಅಲ್ಲಿಯ ಅಡಚಣೆಗಳೇ ಬೇರೆ. ಇಂಡಿ, ಸಿಂದಗಿ ಕಡೆಯಿಂದ ಬಂದ ಹಿರಿಯರು ಕೋಡ್ ಕಂಡ ಕೂಡಲೇ ‘ಎಷ್ಟು ಹೊಡಿಬೇಕ್ರಿ?’ ಎಂದು ಕೇಳಿದರು. ಕಿರಾಣಿ ಅಂಗಡಿಯಲ್ಲಿ ಈ ಚೌಕ ಅಂದರೆ ಹಣ ಕಟ್ಟುವುದು, ಅವರ ತಪ್ಪೇನಿಲ್ಲ. ಮಕ್ಕಳು ಫೋನ್‌ಪೇ ತೆರೆದೇ ಸ್ಕ್ಯಾನ್ ಮಾಡಿದರು, ಅದು ತನ್ನ ಕೋಡ್ ಅಲ್ಲ ಎಂದು ತಿರಸ್ಕರಿಸಿತು, ಅವರು ಕೆಟ್ಟಿದೆ ಎಂದು ಚೀಟಿ ಮಡಚಿಟ್ಟರು. ಈಗ ಪ್ರತಿ ಕೋಡಿನ ಮೇಲೆ ದಪ್ಪಕ್ಷರದಲ್ಲಿ ‘ಇದು ಹಣ ಕಟ್ಟುವ ಕೋಡ್ ಅಲ್ಲ, ಮೊಬೈಲ್ ಕ್ಯಾಮೆರಾದಿಂದ ನೋಡಿ’ ಎಂದಿದೆ, ಕೆಳಗೆ ವಿಳಾಸವೂ ಅಚ್ಚಾಗಿದೆ. ಕೋಡಿನ ಮೇಲೆ ಯಾರಾದರೂ ಬೇರೆ ಸ್ಟಿಕ್ಕರ್ ಅಂಟಿಸಿದರೆ ಗೊತ್ತಾಗಲಿ ಎಂದು ಕೌಂಟರಿನ ಗಾಜಿನ ಒಳಬದಿಯಿಂದ ಹಚ್ಚಿದ್ದೇವೆ. ಫೋನಿಲ್ಲದವರಿಗೆ ಅದೇ ವಿಷಯದ ಚಿತ್ರದ ಹಾಳೆ ಕೊಡುವುದನ್ನು ನಿಲ್ಲಿಸಿಲ್ಲ, ನಿಲ್ಲಿಸಬಾರದು ಕೂಡ.

ನೋಂದಣಿ ಕೌಂಟರಿನಲ್ಲಿರುವ ಆಭಾ (ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಕೋಡ್ ಇದರಿಂದ ಬೇರೆ, ಪಕ್ಕಪಕ್ಕ ಹಚ್ಚಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸ್ಕ್ಯಾನ್ ಆ್ಯಂಡ್ ಶೇರ್ ವ್ಯವಸ್ಥೆಯದು ಅದು. ರೋಗಿಯೇ ತನ್ನ ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ಲಿಂಗ, 14 ಅಂಕಿಯ ಆಭಾ ಸಂಖ್ಯೆ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಆಭಾ ಮೊದಲೇ ಇದ್ದವರಿಗೆ ಇದು ಚಕಚಕನೆ ಆಗುತ್ತದೆ. ಅಲ್ಲೇ ಆಧಾರ್‌ ಮೂಲಕ ಮಾಡಿಕೊಳ್ಳಲು ಹೊರಟವರು ಹೆಚ್ಚಾಗಿ ಒಟಿಪಿಯಲ್ಲಿ ಸಿಕ್ಕಿಬೀಳುತ್ತಾರೆ, ಆಧಾರ್‌ಗೆ ಜೋಡಿಸಿದ ಹಳೇ ಸಿಮ್ ಈಗ ಇರುವುದಿಲ್ಲ. ಸಾಲಿನಲ್ಲಿ ನಿಲ್ಲುವ ಮೊದಲು ಆ ನಂಬರ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಔಷಧದ ಡಬ್ಬಿಯ ಮೇಲಿನ ಕೋಡ್ ಮತ್ತೊಂದು ಬಗೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯವಾಗಿದೆ, ಅದರಲ್ಲಿ ಬ್ಯಾಚ್ ನಂಬರ್, ತಯಾರಾದ ಹಾಗೂ ಅವಧಿ ಮುಗಿಯುವ ದಿನಾಂಕ, ತಯಾರಕರ ಹೆಸರು–ವಿಳಾಸ, ಲೈಸೆನ್ಸ್ ನಂಬರ್ ಇರುತ್ತವೆ. ಮಾತ್ರೆ ಹೇಗೆ ನುಂಗಬೇಕೆಂಬುದು ಅದರಲ್ಲಿ ಇರುವುದಿಲ್ಲ. ರೋಗಿಗಳು ಕೇಳುವುದು ಮಾತ್ರ ಅದನ್ನೇ.

ಖರ್ಚು: ಲೇಬಲ್ 1,600, ರಿಬ್ಬನ್ 850, ಸ್ಪಿರಿಟ್–ಹತ್ತಿ–ಕೈಗವಸು 600, ಕಾಲರ್ ಮೈಕ್ 900, ಜಾಯಿಕಾಯಿ ಸೇರಿ ಚಿಲ್ಲರೆ 700, ಹಾಳಾದ ಮೊದಲ ಕಂತು 1,150. ಒಟ್ಟು 5,800 ರೂಪಾಯಿ. ಸಮಯ ಹೋದದ್ದು ಕಾಯುವುದರಲ್ಲಿ ಮತ್ತು ಪುಟ ಬರೆಯುವುದರಲ್ಲಿ. ಒಂದು ಪುಟ ಸರಿಯಾಗಿ ಬರೆದು, ಇನ್ನೊಬ್ಬರು ಓದಿ ತಿದ್ದಲು ಒಂದೂವರೆ ಗಂಟೆ ಬೇಕು. 386ರಿಂದ ಗುಣಿಸಿಕೊಂಡು ಅದಕ್ಕೆ ತಕ್ಕ ಜನ ಇಟ್ಟುಕೊಳ್ಳಿ.

ಈಗ ತಿಂಗಳ ಮೊದಲ ಶನಿವಾರ ಇಬ್ಬರು ವಿದ್ಯಾರ್ಥಿಗಳು ಎರಡು ಬೇರೆ ಕಂಪನಿಯ ಫೋನ್ ಹಿಡಿದು ನಲವತ್ತು ಜಾಡಿ ಸ್ಕ್ಯಾನ್ ಮಾಡಿ ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತಾರೆ, ಹತ್ತು ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಉಳಿದ ಲೇಬಲ್ ಸುರುಳಿ, ಅರ್ಧ ರಿಬ್ಬನ್, ಪ್ರಿಂಟರಿನ ಅಳತೆ ಬರೆದ ಚೀಟಿ ಮ್ಯೂಸಿಯಂನ ಎಡಗಡೆಯ ಡ್ರಾಯರಿನಲ್ಲಿವೆ. ಪಟ್ಟಿ ತಿದ್ದುವ ಅನುಮತಿಯ ವಿವರವನ್ನು ಲಕೋಟೆಯಲ್ಲಿ ಮುಚ್ಚಿ ಎಚ್‌ಒಡಿ ಕಪಾಟಿನಲ್ಲಿ ಇಟ್ಟಾಗಿದೆ. ಅನುಮತಿ ಇರುವ ಇಬ್ಬರಲ್ಲಿ ಒಬ್ಬರಿಗೆ ಜೂನ್‌ನಲ್ಲಿ ನಿವೃತ್ತಿ. ಅವರ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸುವಂತೆ ಐಟಿ ವಿಭಾಗಕ್ಕೆ ಈ ಸೋಮವಾರ ಪತ್ರ ಕೊಟ್ಟಿದ್ದೇವೆ.